ಬೆಲೆ ಇಳಿಯಿತು, ಸಾಲ ಇಳಿಯಲಿಲ್ಲ

ಒಂದು ಸೀಮೆಯ ಹಣಕಾಸಿನ ಸ್ಥಿತಿ ಹೇಗಿದೆ ಎಂದು ತಿಳಿಯಲು ಬಜೆಟ್ ಪುಸ್ತಕವನ್ನೇ ತೆರೆಯಬೇಕೆಂದಿಲ್ಲ. ಸಂತೆಗೆ ಹೋಗಿ ಎರಡು ಗಂಟೆ ನಿಂತರೂ ಸಾಕಷ್ಟು ತಿಳಿಯುತ್ತದೆ. ಕೈಯಲ್ಲಿ ಕಾಸಿಲ್ಲದ ಜನ ಸೊಪ್ಪು, ಉಪ್ಪು, ಎಣ್ಣೆ ಕೊಳ್ಳುವುದನ್ನು ನಿಲ್ಲಿಸುವುದಿಲ್ಲ. ಅವರು ಮೊದಲು ನಿಲ್ಲಿಸುವುದು ಬಟ್ಟೆ, ಪಾತ್ರೆ, ಬಳೆ, ಮಕ್ಕಳ ಮಿಠಾಯಿ. ಆದ್ದರಿಂದ ಬರುವ ಕಷ್ಟದ ಸುದ್ದಿ ಬ್ಯಾಂಕಿನವನಿಗಿಂತ ಮೊದಲು ಬಳೆಗಾರನಿಗೆ ಗೊತ್ತಾಗುತ್ತದೆ. ಬೇಸಾಯಗಾರ ಒಂದು ಜೊತೆ ಪಂಚೆ ಕಡಿಮೆ ಕೊಂಡರೆ ನೇಕಾರನ ಮನೆಯಲ್ಲಿ ಒಂದು ಹೊತ್ತಿನ ಒಲೆ ಆರುತ್ತದೆ. ಒಬ್ಬನ ಖರ್ಚೇ ಇನ್ನೊಬ್ಬನ ಸಂಪಾದನೆ ಎಂಬ ಈ ಸರಳ ಸಂಗತಿಯನ್ನು ದೊಡ್ಡ ದೊಡ್ಡ ಸರಕಾರಗಳೂ ಮರೆತ ಉದಾಹರಣೆಗಳಿವೆ.

ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ ಮತ್ತು ನಾಗಮಂಗಲ, ಮಂಡ್ಯ ಜಿಲ್ಲೆಯ ಈ ನಾಲ್ಕು ತಾಲ್ಲೂಕುಗಳ ಚರಿತ್ರೆಯನ್ನು ಸಾಮಾನ್ಯವಾಗಿ ಕೋಟೆ, ದೇವಾಲಯ, ಮಸೀದಿ, ಅಣೆಕಟ್ಟುಗಳ ಮೂಲಕ ಹೇಳಲಾಗುತ್ತದೆ. ಇಲ್ಲಿ ಆ ಚರಿತ್ರೆಯನ್ನು ಮನೆಯೊಳಗಿನ ಸಾಲದ ಲೆಕ್ಕದಿಂದ ನೋಡುವ ಒಂದು ಪ್ರಯತ್ನ ಮಾಡಿದ್ದೇನೆ. ಇನ್ನೂರು ವರ್ಷಗಳಲ್ಲಿ ಸಾಲ ಕೊಡುವವರು ಬದಲಾಗಿದ್ದಾರೆ, ಕಾಗದಪತ್ರ ಬದಲಾಗಿದೆ, ಕಾಯಿದೆಗಳು ಬಂದು ಹೋಗಿವೆ. ಆದರೆ ಆದಾಯ ಕುಸಿದಾಗ ಸಾಲ ಮಾತ್ರ ಕುಸಿಯದೆ ನಿಲ್ಲುವ ಆ ಗಳಿಗೆ ಮತ್ತೆ ಮತ್ತೆ ಬಂದಿದೆ.

ಕೊಳ್ಳುವವರೇ ಇಲ್ಲದ ರಾಜಧಾನಿ

1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದಿತು. ಯುದ್ಧದ ಕತೆ ಎಲ್ಲರಿಗೂ ಗೊತ್ತು. ಯುದ್ಧದ ನಂತರ ಆ ಪೇಟೆಗೆ ಏನಾಯಿತು ಎಂಬುದು ಅಷ್ಟಾಗಿ ಚರ್ಚೆಗೆ ಬಂದಿಲ್ಲ. ಮರುವರ್ಷ, ಅಂದರೆ 1800ರಲ್ಲಿ, ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯ ಕಂಪನಿ ಸರಕಾರದ ಆಜ್ಞೆಯಂತೆ ಈ ಸೀಮೆಯಲ್ಲಿ ಸಂಚರಿಸಿದ. ಟಿಪ್ಪುವಿನ ಕಾಲದಲ್ಲಿ ದ್ವೀಪದಲ್ಲಿ ಒಂದೂವರೆ ಲಕ್ಷಕ್ಕೆ ಕಡಿಮೆಯಿಲ್ಲದ ಜನರಿದ್ದರೆಂದು ಅವನು ಅಂದಾಜು ಮಾಡಿದ. ಅವನು ಬಂದಾಗ ಕೋಟೆ ಮತ್ತು ಹೊರಪೇಟೆ ಸೇರಿ ಇದ್ದ ಮನೆಗಳು 6,379. ಮನೆಗೆ ಐದು ಜನರಂತೆ ಲೆಕ್ಕ ಹಾಕಿ ಅವನು ಬರೆದ ಜನಸಂಖ್ಯೆ 31,895.

ಈ ಸಂಖ್ಯೆಗಳ ಹಿಂದೆ ಇರುವುದೇನು? ಅರಮನೆ, ಸೈನ್ಯ, ಕಚೇರಿ, ಟಂಕಸಾಲೆ, ಕುದುರೆ ಲಾಯ, ಶಸ್ತ್ರಾಗಾರ, ಇವೆಲ್ಲ ಸಂಬಳ ಕೊಡುತ್ತಿದ್ದ ಸ್ಥಳಗಳು. ಆ ಸಂಬಳವೇ ಗಂಜಾಂ ಪೇಟೆಯ ಅಂಗಡಿಗಳಲ್ಲಿ ಖರ್ಚಾಗುತ್ತಿತ್ತು. ಸುಲ್ತಾನನ ಕುಟುಂಬವನ್ನು ವೆಲ್ಲೂರಿಗೆ ಕಳುಹಿಸಲಾಯಿತು. ರಾಜಧಾನಿ ಮೈಸೂರಿಗೆ ಹೋಯಿತು. ಉಳಿದಿದ್ದ ಇಂಗ್ಲಿಷ್ ಸೈನ್ಯವೂ ಜ್ವರದ ಕಾಟ ತಾಳಲಾರದೆ 1809ರಲ್ಲಿ ಬೆಂಗಳೂರಿನ ದಂಡಿಗೆ ಸ್ಥಳಾಂತರಗೊಂಡಿತು. ಹೊಳೆ ಹಾಗೆಯೇ ಹರಿಯುತ್ತಿತ್ತು, ಗದ್ದೆಗಳು ಹಾಗೆಯೇ ಇದ್ದವು. ಚಿಕ್ಕದೇವರಾಜ ನಾಲೆ, ವಿರಿಜಾ ನಾಲೆ, ಬಂಗಾರದೊಡ್ಡಿ ನಾಲೆಗಳಲ್ಲಿ ನೀರಿತ್ತು. ಇಲ್ಲದಿದ್ದುದು ಕೊಳ್ಳುವವರು. ದರ್ಜಿ, ಜೀನು ಹೊಲಿಯುವವನು, ಅತ್ತರಿನವನು, ಕತ್ತಿಗೆ ಸಾಣೆ ಹಿಡಿಯುವವನು, ಜರಿ ಕೆಲಸದವನು, ಇವರ ಕೈ ಕಸುಬು ಒಂದೇ ವರ್ಷದಲ್ಲಿ ಬೆಲೆ ಕಳೆದುಕೊಂಡಿತು. ಇಂಥವರಲ್ಲಿ ಮುಸ್ಲಿಮರು ಬಹಳ ಮಂದಿ ಇದ್ದರು, ಏಕೆಂದರೆ ಜಮೀನಿಗಿಂತ ಹೆಚ್ಚಾಗಿ ಅವರು ಸೈನ್ಯ ಮತ್ತು ಕಸುಬುಗಳನ್ನು ನಂಬಿದ್ದರು. 1901ರ ಜನಗಣತಿಯ ವೇಳೆಗೆ, ಪ್ಲೇಗಿನ ಹಾವಳಿಯೂ ಸೇರಿ, ಪಟ್ಟಣದ ಜನಸಂಖ್ಯೆ 8,584ಕ್ಕೆ ಇಳಿದಿತ್ತು.

ಇಲ್ಲಿ ಇನ್ನೊಂದು ಸಂಗತಿಯನ್ನು ನೆನೆಯಬೇಕು. ಟಿಪ್ಪುವಿನ ಕಂದಾಯ ನಿಯಮಗಳಲ್ಲಿ ನೇಗಿಲು, ಎತ್ತು ಕೊಳ್ಳಲಾಗದ ರೈತನಿಗೆ ತಕಾವಿ ಸಾಲ ಕೊಡಬೇಕೆಂದು ಅಮಲ್ದಾರರಿಗೆ ಸೂಚನೆಯಿತ್ತು. ಅವನ ವ್ಯಾಪಾರ ಇಲಾಖೆ ಪ್ರಜೆಗಳಿಂದ ಬಂಡವಾಳ ಪಡೆಯಲು ಮಾಡಿದ ಯೋಜನೆಯಲ್ಲಿ ಸಣ್ಣ ಮೊತ್ತ ಹೂಡಿದವರಿಗೆ ಹೆಚ್ಚು ಪ್ರಮಾಣದ ಲಾಭ, ದೊಡ್ಡ ಮೊತ್ತದವರಿಗೆ ಕಡಿಮೆ ಪ್ರಮಾಣದ ಲಾಭ ಎಂದಿತ್ತು. ಯೋಜನೆ ಎಷ್ಟರಮಟ್ಟಿಗೆ ನಡೆಯಿತೆಂಬುದು ಬೇರೆ ಮಾತು. ಬಡವನ ಕೈಯ ಹಣ ಓಡಾಡಿದರೆ ರಾಜ್ಯವೂ ಓಡಾಡುತ್ತದೆ ಎಂಬ ತಿಳುವಳಿಕೆ ಅದರಲ್ಲಿ ಇತ್ತು.

ಬರ ಬೇರೆ, ಮುಗ್ಗಟ್ಟು ಬೇರೆ

ನಮ್ಮ ಹಿರಿಯರು ಕಷ್ಟ ಎಂದರೆ ಬರ ಎಂದೇ ತಿಳಿದಿದ್ದರು. 1876ರಿಂದ 78ರವರೆಗಿನ ಮಹಾ ಬರಗಾಲ ಹಾಗಿತ್ತು. 1871ರಲ್ಲಿ 50 ಲಕ್ಷ ಮೀರಿದ್ದ ಮೈಸೂರು ಸಂಸ್ಥಾನದ ಜನಸಂಖ್ಯೆ 1881ರ ಗಣತಿಯಲ್ಲಿ 42 ಲಕ್ಷಕ್ಕಿಂತ ಕೆಳಗೆ ಬಂದಿತ್ತು. ಪಟ್ಟಣದ ಕೋಟೆಯ ಮೂಲಕ ಹಾದುಹೋಗುವ ಬೆಂಗಳೂರು-ಮೈಸೂರು ರೈಲು ದಾರಿಯ ಕೆಲಸ ಆ ಬರದ ಪರಿಹಾರ ಕಾಮಗಾರಿಯಾಗಿ ಶುರುವಾದದ್ದು.

ಬರದಲ್ಲಿ ಧಾನ್ಯವಿರುವುದಿಲ್ಲ, ಇದ್ದರೆ ಅದರ ಬೆಲೆ ಮುಗಿಲಿಗೆ ಏರಿರುತ್ತದೆ. 1929ರ ನಂತರ ಬಂದದ್ದು ಇದಕ್ಕೆ ತೀರಾ ತಿರುವುಮುರುವಾದ ಕಷ್ಟ. ಕಣದಲ್ಲಿ ರಾಗಿಯಿತ್ತು, ಆಲೆಮನೆಯಲ್ಲಿ ಬೆಲ್ಲವಿತ್ತು. ಅದನ್ನು ಮಾರಿದರೆ ಬರುವ ಹಣ ಮಾತ್ರ ಯಾವ ಲೆಕ್ಕಕ್ಕೂ ಸಾಲದಾಯಿತು. ಅಮೆರಿಕದ ಷೇರುಪೇಟೆ ಬಿದ್ದರೆ ನಾಗಮಂಗಲದ ರೈತನಿಗೆ ಏನು ಎಂದು ಕೇಳಬಹುದು. ಜಗತ್ತಿನ ಪೇಟೆಗಳಲ್ಲಿ ಕೊಳ್ಳುವವರು ಕಡಿಮೆಯಾದಂತೆ ಹತ್ತಿ, ಎಣ್ಣೆಕಾಳು, ಧಾನ್ಯ ಎಲ್ಲದರ ಬೆಲೆಯೂ ಒಂದನ್ನೊಂದು ಎಳೆದುಕೊಂಡು ಬಿದ್ದವು. ಕಲ್ಕತ್ತೆಯ ಸಗಟು ಬೆಲೆಯ ಸೂಚ್ಯಂಕ 1914ರಲ್ಲಿ 100 ಎಂದಿಟ್ಟರೆ 1929ರಲ್ಲಿ 141 ಇತ್ತು. 1933ರಲ್ಲಿ ಅದು 87.

ಈ ಲೆಕ್ಕವನ್ನು ಮನೆಯ ಭಾಷೆಗೆ ತಂದು ನೋಡೋಣ. ಒಬ್ಬ ರೈತ 1929ರಲ್ಲಿ ಮಗಳ ಮದುವೆಗೆಂದು ನೂರು ರೂಪಾಯಿ ಸಾಲ ಮಾಡಿದ, ಆಗ ಹತ್ತು ಪಲ್ಲ ರಾಗಿ ಮಾರಿದರೆ ಆ ಸಾಲ ತೀರುತ್ತಿತ್ತು ಎಂದಿಟ್ಟುಕೊಳ್ಳಿ. ರಾಗಿಯ ಬೆಲೆಯೂ ಆ ಸೂಚ್ಯಂಕದಂತೆಯೇ ಇಳಿದಿದ್ದರೆ 1933ರಲ್ಲಿ ಅದೇ ನೂರು ರೂಪಾಯಿಗೆ ಹದಿನಾರು ಪಲ್ಲ ರಾಗಿ ಬೇಕು. ಬಡ್ಡಿಯನ್ನು ಇನ್ನೂ ಸೇರಿಸಿಲ್ಲ. ಅವನು ಹೊಸದಾಗಿ ಒಂದು ಕಾಸೂ ಸಾಲ ಮಾಡಿಲ್ಲ, ದುಂದುಗಾರಿಕೆ ಮಾಡಿಲ್ಲ, ಮಳೆಯೂ ಕೈಕೊಟ್ಟಿಲ್ಲ. ಆದರೂ ಅವನ ಸಾಲ ಒಂದೂವರೆ ಪಟ್ಟಿಗಿಂತ ಹೆಚ್ಚಾಯಿತು. ಪ್ರಾಮಿಸರಿ ನೋಟಿನಲ್ಲಿ ಬರೆದ ರೂಪಾಯಿ ಹಾಗೇ ಇತ್ತು, ಅದನ್ನು ತೀರಿಸಲು ಸುರಿಸಬೇಕಾದ ಬೆವರು ಹೆಚ್ಚಾಗಿತ್ತು. ಕಂದಾಯದ ಕತೆಯೂ ಇದೇ. ಅದೂ ರೂಪಾಯಿಯಲ್ಲಿ ಗೊತ್ತುಮಾಡಿದ ಮೊತ್ತ.

ಕೊರಳಿನಿಂದ ಇಳಿದ ಚಿನ್ನ

ಇಂಥ ಹೊತ್ತಿನಲ್ಲಿ ಮನೆಯವರು ಏನು ಮಾಡುತ್ತಾರೆ? ಮೊದಲು ಖರ್ಚು ಇಳಿಸುತ್ತಾರೆ. ಆಮೇಲೆ ಒಡವೆ ತೆಗೆಯುತ್ತಾರೆ. ಕೊನೆಗೆ ಜಮೀನನ್ನು ಭೋಗ್ಯಕ್ಕೆ ಹಾಕುತ್ತಾರೆ. ಈ ಮೂರೂ ಮೆಟ್ಟಿಲುಗಳನ್ನು 1930ರ ದಶಕ ಕಂಡಿತು.

1931ರ ಸೆಪ್ಟೆಂಬರಿನಲ್ಲಿ ಬ್ರಿಟನ್ ಚಿನ್ನದ ನಾಣ್ಯ ಪದ್ಧತಿಯನ್ನು ಕೈಬಿಟ್ಟಿತು. ತೊಲಕ್ಕೆ 21 ರೂಪಾಯಿ ಆಸುಪಾಸಿನಲ್ಲಿದ್ದ ಚಿನ್ನದ ಬೆಲೆ ಮುಂದಿನ ಒಂದೆರಡು ವರ್ಷಗಳಲ್ಲಿ 30ನ್ನು ದಾಟಿತು. ಬೆಳೆದ ಎಲ್ಲದಕ್ಕೂ ಬೆಲೆ ಬಿದ್ದಿದ್ದಾಗ ಬೆಲೆ ಏರಿದ ವಸ್ತು ಇದೊಂದೇ. ಹಿಂದೂಸ್ಥಾನದ ಹಳ್ಳಿಹಳ್ಳಿಗಳಿಂದ ಚಿನ್ನ ಹೊರಬಂದು, ಮಾರವಾಡಿ ಅಂಗಡಿಗಳ ಮೂಲಕ ಬೊಂಬಾಯಿಗೆ, ಅಲ್ಲಿಂದ ಹಡಗು ಹತ್ತಿ ಲಂಡನ್ನಿಗೆ ಹೋಯಿತು. ನೂರಾರು ಕೋಟಿ ರೂಪಾಯಿಗಳ ಈ ಚಿನ್ನವನ್ನು ಕಷ್ಟದ ಚಿನ್ನ ಎಂದೇ ಆ ಕಾಲದ ಅರ್ಥಶಾಸ್ತ್ರಜ್ಞರು ಕರೆದರು. ಅದು ದೇಶದ ಐಶ್ವರ್ಯದ ಗುರುತು ಎಂದು ಸಂತೋಷಪಟ್ಟ ಅಧಿಕಾರಿಗಳೂ ಇದ್ದರು. ಒಡವೆ ಕಳಚಿಕೊಟ್ಟ ಹೆಂಗಸರನ್ನು ಯಾರೂ ಕೇಳಲಿಲ್ಲ. ಹಳ್ಳಿಯ ಹೆಣ್ಣಿಗೆ ಒಡವೆ ಎಂಬುದು ಅಲಂಕಾರ ಮಾತ್ರವಲ್ಲ, ಅವಳ ಹೆಸರಿನಲ್ಲಿರುವ ಏಕೈಕ ಆಸ್ತಿ. ಮನೆಯ ಸಾಲಕ್ಕೆ ಮೊದಲು ಹೋಗುವುದು ಅವಳ ಆಸ್ತಿ, ಗಂಡಸಿನ ಜಮೀನಿನ ಸರದಿ ಅದರ ನಂತರ.

ಖರ್ಚು ಇಳಿಸಿದ್ದರ ಪೆಟ್ಟು ಬಿದ್ದದ್ದು ಕಸುಬುದಾರರ ಮೇಲೆ. ಮೇಲುಕೋಟೆಯ ಮತ್ತು ಪಟ್ಟಣದ ಬಳಿಯ ಕೊಡಿಯಾಲದ ನೇಕಾರರು, ನಾಗಮಂಗಲದ ಹಿತ್ತಾಳೆ ಕಂಚಿನ ಕೆಲಸಗಾರರು, ಇವರ ಗಿರಾಕಿ ಸುತ್ತಲಿನ ರೈತನೇ. ಅವನ ಮನೆಯಲ್ಲಿ ಮದುವೆ ಮುಂದಕ್ಕೆ ಹೋದರೆ ಪಂಚೆಯೂ ಬೇಡ, ಬಿಂದಿಗೆಯೂ ಬೇಡ. ರೈತನಿಗೆ ಕೊನೆಗೆ ತಿನ್ನಲು ರಾಗಿಯಾದರೂ ಇತ್ತು, ನೇಕಾರ ತನ್ನ ಸೀರೆಯನ್ನು ತಿನ್ನಲಾರ. ಆ ದಿನಗಳಲ್ಲಿಯೇ ಜಪಾನಿನ ಅಗ್ಗದ ರೇಷ್ಮೆ ಮತ್ತು ಕೃತಕ ರೇಷ್ಮೆ ಪೇಟೆಗೆ ನುಗ್ಗಿ ಮೈಸೂರಿನ ರೇಷ್ಮೆಯನ್ನು ನಂಬಿದ್ದವರು ಕಂಗೆಟ್ಟರು. ಸಂರಕ್ಷಣಾ ಸುಂಕ ಬಂದದ್ದು 1934ರಲ್ಲಿ.

ನಾಲೆ ಬಂದ ಕಡೆ, ನಾಲೆ ಬಾರದ ಕಡೆ

ಆಗ ಈ ನಾಲ್ಕೂ ತಾಲ್ಲೂಕುಗಳ ಪ್ರದೇಶ ಮೈಸೂರು ಜಿಲ್ಲೆಗೆ ಸೇರಿತ್ತು. ಪಾಂಡವಪುರಕ್ಕೆ ಫ್ರೆಂಚ್ ರಾಕ್ಸ್ ಎಂಬ ಹೆಸರಿತ್ತು, ಹೈದರ್ ಮತ್ತು ಟಿಪ್ಪುವಿನ ಸೇವೆಯಲ್ಲಿದ್ದ ಫ್ರೆಂಚ್ ಸೈನಿಕರು ಬೀಡುಬಿಟ್ಟಿದ್ದ ನೆನಪಿಗಾಗಿ. 1926ರಿಂದ 1941ರವರೆಗೆ ದಿವಾನರಾಗಿದ್ದವರು ಸರ್ ಮಿರ್ಜಾ ಇಸ್ಮಾಯಿಲ್. ಮುಗ್ಗಟ್ಟಿನ ಕಾಲವೆಲ್ಲ ಅವರ ಆಡಳಿತದಲ್ಲಿಯೇ ಕಳೆಯಿತು.

1911ರಲ್ಲಿ ಶುರುವಾಗಿದ್ದ ಕನ್ನಂಬಾಡಿ ಕಟ್ಟೆಯ ಕೆಲಸ ಮುಗಿಯುತ್ತಾ ಬಂದದ್ದು ಸರಿಯಾಗಿ ಈ ದುರ್ದಿನಗಳಲ್ಲಿ. ಹುಲಿಕೆರೆಯ ಬಳಿ ಸುರಂಗ ಕೊರೆದು ಇರ್ವಿನ್ ನಾಲೆಯನ್ನು, ಅಂದರೆ ಇಂದಿನ ವಿಶ್ವೇಶ್ವರಯ್ಯ ನಾಲೆಯನ್ನು, ಬಯಲಿಗೆ ತರಲಾಯಿತು. ಆದರೆ ನೀರಿನ ಜೊತೆಗೆ ಹೊಸ ಹೊರೆಯೂ ಬಂತು. ನೀರಾವರಿಯಿಂದ ಜಮೀನಿನ ಬೆಲೆ ಹೆಚ್ಚುವುದೆಂದು ಸರಕಾರ ರೈತರಿಂದ ವಂತಿಗೆ ಕೇಳಿತು. ಧಾನ್ಯದ ಬೆಲೆ ಅರ್ಧಕ್ಕೆ ಬಂದಿರುವಾಗ ಇದನ್ನು ಕೊಡುವುದೆಲ್ಲಿಂದ? ಎಚ್. ಕೆ. ವೀರಣ್ಣಗೌಡರಂಥ ಮುಂದಾಳುಗಳ ನೇತೃತ್ವದಲ್ಲಿ ಮಂಡ್ಯ ಸೀಮೆಯ ರೈತರು ಚಳವಳಿ ಹೂಡಿದರು. ಮೈಸೂರು ಸಂಸ್ಥಾನದ ರೈತ ಹೋರಾಟದ ಚರಿತ್ರೆಯಲ್ಲಿ ಇರ್ವಿನ್ ನಾಲೆಯ ಚಳವಳಿಗೆ ದೊಡ್ಡ ಸ್ಥಾನವಿದೆ.

ಪರಿಹಾರ ಬಂದ ದಾರಿ ಕುತೂಹಲಕರವಾಗಿದೆ. 1932ರಲ್ಲಿ ಭಾರತ ಸರಕಾರ ಜಾವಾ ಸಕ್ಕರೆಯ ಮೇಲೆ ಸಂರಕ್ಷಣಾ ಸುಂಕ ಹಾಕುವ ಕಾಯಿದೆ ತಂದಿತು. ಮರುವರ್ಷವೇ, 1933ರಲ್ಲಿ, ಮಂಡ್ಯದಲ್ಲಿ ಮೈಸೂರು ಸಕ್ಕರೆ ಕಂಪನಿ ಸ್ಥಾಪನೆಯಾಯಿತು. ಕೃಷಿ ಇಲಾಖೆಯ ನಿರ್ದೇಶಕರಾಗಿದ್ದ ಲೆಸ್ಲಿ ಕೋಲ್ಮನ್ ಅದಕ್ಕಾಗಿ ದುಡಿದರು, ಮಿರ್ಜಾ ಬೆಂಬಲಕ್ಕೆ ನಿಂತರು. ಈ ಸೀಮೆಗೆ ಸಕ್ಕರೆ ಹೊಸದಲ್ಲ. ಪಟ್ಟಣದ ಪಕ್ಕದ ಪಾಲಹಳ್ಳಿಯಲ್ಲಿ 1847ರಲ್ಲಿಯೇ ಅಷ್ಟಗ್ರಾಮ ಸಕ್ಕರೆ ಕಾರ್ಖಾನೆ ಶುರುವಾಗಿತ್ತು, ಬಹುಕಾಲ ಉಳಿಯಲಿಲ್ಲ. ಈ ಬಾರಿ ನೀರು, ಸುಂಕದ ರಕ್ಷಣೆ, ಗೊತ್ತಾದ ಗಿರಾಕಿ, ಮೂರೂ ಒಟ್ಟಿಗೆ ಕೂಡಿದವು. ಕಬ್ಬು ಬೆಳೆದವನ ಕೈಗೆ ನಗದು ಬಂತು. ಅವನು ಬಟ್ಟೆ ಕೊಂಡ, ಎತ್ತು ಕೊಂಡ, ಮನೆಗೆ ಹೆಂಚು ಹೊದಿಸಿದ. 1939ರ ಜುಲೈ 1ರಂದು ಮಂಡ್ಯ ಪ್ರತ್ಯೇಕ ಜಿಲ್ಲೆಯಾದದ್ದರ ಹಿಂದೆಯೂ ಈ ನಾಲೆ ಬಯಲಿನ ಏಳಿಗೆ ಇದೆ.

ಸಾಲದ ಕಾಯಿದೆಗಳೂ ಬಂದವು. 1905ರಲ್ಲಿಯೇ ಸಹಕಾರ ಸಂಘಗಳ ಕಾನೂನು ಬಂದಿತ್ತು. 1928ರಲ್ಲಿ ಮೈಸೂರು ಕೃಷಿಕರ ಪರಿಹಾರ ಕಾಯಿದೆ, 1929ರಲ್ಲಿ ಭೂ ಅಡಮಾನ ಬ್ಯಾಂಕು, 1937ರಲ್ಲಿ ಸಾಲ ಸಂಧಾನ ಕಾಯಿದೆ. ಪತ್ರದಲ್ಲಿ ಬರೆದ ಅಂಕಿಯ ಹಿಂದೆ ಹೋಗಿ ನಿಜವಾಗಿ ಕೊಟ್ಟ ಹಣವೆಷ್ಟು, ಬಡ್ಡಿ ಎಷ್ಟು ಎಂದು ನೋಡುವ ಅಧಿಕಾರ ನ್ಯಾಯಾಲಯಕ್ಕೆ ಬೇಕೆಂಬುದು ಇಂಥ ಕಾನೂನುಗಳ ಹಿಂದಿದ್ದ ವಿಚಾರ. ಇದು ಒಳ್ಳೆಯದೇ. ಆದರೆ ಕಾಯಿದೆ ಸಾಲದ ಹೊರೆಯನ್ನು ಹಗುರ ಮಾಡಬಲ್ಲದು, ಆದಾಯವನ್ನು ಹುಟ್ಟಿಸಲಾರದು. ನಾಲೆ ಬಯಲನ್ನು ಎತ್ತಿದ್ದು ಆದಾಯ.

ನಾಲೆ ಬಾರದ ಕಡೆ ಏನಾಯಿತು? ನಾಗಮಂಗಲ ಮತ್ತು ಕೃಷ್ಣರಾಜಪೇಟೆಯ ಬಹುಭಾಗ ರಾಗಿ, ಹುರುಳಿ, ಕುರಿಯ ಸೀಮೆಯಾಗಿಯೇ ಉಳಿಯಿತು. ಒಂದೇ ಜಿಲ್ಲೆಯೊಳಗೆ ಎರಡು ಲೋಕಗಳಾದವು. ಹೇಮಾವತಿ ನೀರು ಬರಲು ಇನ್ನೂ ಹಲವು ದಶಕಗಳು ಬೇಕಾದವು. ಅಷ್ಟರಲ್ಲಿ ಇಲ್ಲಿನ ಮಕ್ಕಳು ಬೆಂಗಳೂರಿಗೆ, ಮುಂಬಯಿಗೆ ಹೋಗಿ ದುಡಿದು, ಊರಿನ ಸಾಲವನ್ನು ದೂರದ ಕೂಲಿಯಿಂದ ತೀರಿಸುವುದನ್ನು ಕಲಿತರು. 2020ರ ಮೇ ತಿಂಗಳಿನಲ್ಲಿ ಕೊರೊನಾ ಹಬ್ಬಿದಾಗ ಮುಂಬಯಿಯಿಂದ ಮರಳಿದವರ ಸಂಖ್ಯೆಯಿಂದ ಕೆ.ಆರ್. ಪೇಟೆ ಸುದ್ದಿಯಾಯಿತು. ಜನ ಅವರನ್ನು ರೋಗ ತಂದವರೆಂದು ನೋಡಿದರು. ಆ ಊರುಗಳ ಕಿರಾಣಿ ಅಂಗಡಿಗಳನ್ನು ವರ್ಷಗಟ್ಟಲೆ ನಡೆಸಿದ್ದು ಅವರು ಕಳಿಸುತ್ತಿದ್ದ ಹಣ ಎಂಬುದನ್ನು ನೆನೆದವರು ಕಡಿಮೆ.

ಸಾಹುಕಾರನಿಂದ ವಾರದ ಕಂತಿಗೆ

ಸ್ವಾತಂತ್ರ್ಯದ ನಂತರ ದೇವರಾಜ ಅರಸರ ಕಾಲದಲ್ಲಿ, 1976ರಲ್ಲಿ, ಋಣ ಪರಿಹಾರ ಕಾಯಿದೆ ಬಂತು. ಸಣ್ಣ ರೈತರು, ಕೂಲಿಕಾರರು, ದುರ್ಬಲ ವರ್ಗದವರು ಸಾಹುಕಾರರಿಗೆ ಕೊಡಬೇಕಾಗಿದ್ದ ಸಾಲ ಮನ್ನಾ ಆಯಿತು, ಗಿರವಿ ಇಟ್ಟ ವಸ್ತುಗಳನ್ನು ಮರಳಿಸಬೇಕೆಂದಾಯಿತು. ಸಾಲಕ್ಕಾಗಿ ಜೀತ ದುಡಿಯುತ್ತಿದ್ದವರಿಗೂ ಅದೇ ಕಾಲದ ಜೀತ ನಿರ್ಮೂಲನ ಕಾನೂನಿನಿಂದ ಬಿಡುಗಡೆಯ ದಾರಿ ತೆರೆಯಿತು. ಅದರ ಮಹತ್ವವನ್ನು ಕಡಿಮೆ ಮಾಡಲಾಗದು. ಆದರೂ ಸಾಹುಕಾರ ಬಿಟ್ಟ ಜಾಗವನ್ನು ಬ್ಯಾಂಕು ಪೂರ್ತಿಯಾಗಿ ತುಂಬಲಿಲ್ಲ. ಜಮೀನಿನ ಪಹಣಿ ಇದ್ದವನಿಗೆ ಬ್ಯಾಂಕಿನ ಬಾಗಿಲು ತೆರೆಯಿತು. ತಳ್ಳುಗಾಡಿಯವನಿಗೆ, ಬೀಡಿ ಕಟ್ಟುವವಳಿಗೆ, ಗುಜರಿ ವ್ಯಾಪಾರಿಗೆ, ವೆಲ್ಡಿಂಗ್ ಹುಡುಗನಿಗೆ ಪಹಣಿ ಎಲ್ಲಿಂದ ಬರಬೇಕು? ಆ ಖಾಲಿ ಜಾಗಕ್ಕೆ ಮೀಟರ್ ಬಡ್ಡಿಯವರು ಬಂದರು, ನಂತರ ವಾರದ ಕಂತಿನ ಮೈಕ್ರೋಫೈನಾನ್ಸ್ ಕಂಪನಿಗಳು ಬಂದವು.

ಈ ಬಗೆಯ ಸಾಲದ ಮೊದಲ ದೊಡ್ಡ ಬಿಕ್ಕಟ್ಟನ್ನು ಕರ್ನಾಟಕ ಕಂಡದ್ದು ಕೋಲಾರದಲ್ಲಿ, 2009ರ ಆರಂಭದಲ್ಲಿ. ರೇಷ್ಮೆ ನೂಲು ತೆಗೆಯುವ ಕೆಲಸ ಕುಸಿದು ಮುಸ್ಲಿಂ ಮಹಿಳೆಯರು ಕಂತು ಕಟ್ಟಲಾರದೆ ಒದ್ದಾಡುತ್ತಿದ್ದಾಗ ಅಲ್ಲಿನ ಅಂಜುಮನ್, ಈ ಕಂಪನಿಗಳೊಂದಿಗೆ ವ್ಯವಹಾರ ಬೇಡ, ಮರುಪಾವತಿ ನಿಲ್ಲಿಸಿ ಎಂದಿತು. ಒಬ್ಬಳು ಕಟ್ಟದಿದ್ದರೆ ಗುಂಪಿನ ಉಳಿದವರು ಕಟ್ಟಬೇಕೆಂಬ ನಿಯಮ ಅಕ್ಕಪಕ್ಕದ ಮನೆಯವರನ್ನೇ ವಸೂಲಿಗಾರರನ್ನಾಗಿ ಮಾಡಿತ್ತು. ಅಂಜುಮನ್ ನಿರ್ಧಾರದಿಂದ ಆ ಕ್ಷಣದ ಕಿರುಕುಳ ತಪ್ಪಿತು. ಆದರೆ ಬೇರೆ ಸಾಲದ ದಾರಿ ಇಲ್ಲದ ಮಹಿಳೆಯರು ಮತ್ತೆ ಕೈಸಾಲದವರ ಮುಂದೆ ನಿಲ್ಲಬೇಕಾಯಿತು. ಬಡ್ಡಿಯನ್ನು ನಿಷೇಧಿಸುವ, ಕಷ್ಟದಲ್ಲಿರುವ ಸಾಲಗಾರನಿಗೆ ಗಡುವು ಕೊಡಬೇಕೆನ್ನುವ ಧರ್ಮ ನಮ್ಮದು. ಬಡ್ಡಿಯ ಮೊತ್ತ ಅಸಲನ್ನು ಮೀರಬಾರದೆಂಬ ದಾಮದುಪ್ಪಟ್ಟು ನಿಯಮ ಹಿಂದೂ ಧರ್ಮಶಾಸ್ತ್ರದಲ್ಲಿಯೂ ಇದೆ. ಆದರೆ ಬಡ್ಡಿ ಬೇಡ ಎಂದು ಹೇಳುವ ಸಮುದಾಯ ಬಡ್ಡಿಯಿಲ್ಲದ ಸಾಲವನ್ನು ಕೊಡುವ ವ್ಯವಸ್ಥೆಯನ್ನೂ ಕಟ್ಟಬೇಕಲ್ಲವೇ? ಕೋಲಾರ ನಮ್ಮ ಮುಂದಿಟ್ಟ ಪ್ರಶ್ನೆ ಇದು.

ಮಂಡ್ಯದ ಸರದಿ 2015ರಲ್ಲಿ ಬಂತು. ಸಕ್ಕರೆ ಬೆಲೆ ಬಿದ್ದು, ಕಾರ್ಖಾನೆಗಳು ಕಬ್ಬಿನ ಬಾಕಿ ಉಳಿಸಿಕೊಂಡು, ಜೂನ್-ಜುಲೈ ತಿಂಗಳಲ್ಲಿ ರೈತರ ಆತ್ಮಹತ್ಯೆಗಳ ಸುದ್ದಿ ದಿನವೂ ಬರತೊಡಗಿತು. 1933ರಲ್ಲಿ ಯಾವ ಬೆಳೆ ಈ ಸೀಮೆಯನ್ನು ಎತ್ತಿತ್ತೋ ಅದೇ ಬೆಳೆ ಈಗ ಕತ್ತಿಗೆ ಉರುಳಾಯಿತು. ಪಾಂಡವಪುರದ ಸಹಕಾರಿ ಸಕ್ಕರೆ ಕಾರ್ಖಾನೆ ನಿಂತುಹೋಗಿ, 2020ರಲ್ಲಿ 40 ವರ್ಷಗಳ ಗುತ್ತಿಗೆಗೆ ಖಾಸಗಿಯವರ ಕೈಸೇರಿತು. ಮಂಡ್ಯದ ಮೈಷುಗರ್ ಕೆಲವು ವರ್ಷ ಬಾಗಿಲು ಹಾಕಿಕೊಂಡಿದ್ದು 2022ರಲ್ಲಿ ಮತ್ತೆ ಅರೆಯತೊಡಗಿತು. ಕಾರ್ಖಾನೆ ನಿಂತರೆ ಕಬ್ಬಿನವನಷ್ಟೇ ಅಲ್ಲ, ಗಾಡಿಯವನು, ಕಟಾವಿನ ಕೂಲಿಯವರು, ಗೇಟಿನ ಎದುರಿನ ಚಹಾ ಅಂಗಡಿಯವನು, ಪಂಕ್ಚರ್ ಹಾಕುವವನು ಎಲ್ಲರೂ ನಿಲ್ಲುತ್ತಾರೆ.

ದೇಶದ ಲೆಕ್ಕದಲ್ಲಿಯೂ ಇದೇ ಚಿತ್ರ ಕಂಡಿತು. 2017-18ರ ಗ್ರಾಹಕ ವೆಚ್ಚ ಸಮೀಕ್ಷೆಯ ಸೋರಿಬಂದ ವರದಿ 2019ರಲ್ಲಿ ಪತ್ರಿಕೆಯಲ್ಲಿ ಪ್ರಕಟವಾಯಿತು. ಅದರ ಪ್ರಕಾರ ಒಬ್ಬ ವ್ಯಕ್ತಿಯ ತಿಂಗಳ ಖರ್ಚು, ಬೆಲೆಯೇರಿಕೆ ಕಳೆದು ನೋಡಿದರೆ, 2011-12ರ 1,501 ರೂಪಾಯಿಯಿಂದ 1,446ಕ್ಕೆ ಇಳಿದಿತ್ತು. ಅಂಕಿಗಳ ಗುಣಮಟ್ಟ ಸರಿಯಿಲ್ಲವೆಂದು ಸರಕಾರ ಆ ವರದಿಯನ್ನು ಹೊರಗೆ ತರಲಿಲ್ಲ. 2022-23 ಮತ್ತು 2023-24ರ ಸಮೀಕ್ಷೆಗಳು ಖರ್ಚು ಏರಿದೆ ಎನ್ನುತ್ತವೆ. ಆದರೆ ಅದೇ 2022-23ರಲ್ಲಿ ಕುಟುಂಬಗಳ ನಿವ್ವಳ ಹಣಕಾಸು ಉಳಿತಾಯ ರಾಷ್ಟ್ರೀಯ ಉತ್ಪನ್ನದ ಶೇ. 5ರ ಆಸುಪಾಸಿಗೆ ಇಳಿದು, ಹಲವು ದಶಕಗಳಲ್ಲೇ ಕನಿಷ್ಠವಾಯಿತು. 2019ರ ರಾಷ್ಟ್ರೀಯ ಮಾದರಿ ಸಮೀಕ್ಷೆಯಲ್ಲಿ ಕರ್ನಾಟಕದ ಕೃಷಿಕ ಕುಟುಂಬಗಳ ಪೈಕಿ ಮೂರನೇ ಎರಡರಷ್ಟು ಸಾಲದಲ್ಲಿದ್ದವು. ಕುಟುಂಬಕ್ಕೆ ಸರಾಸರಿ ಸಾಲ ಸುಮಾರು 1.26 ಲಕ್ಷ ರೂಪಾಯಿ, ಇಡೀ ದೇಶದ ಸರಾಸರಿ 74,121. ಖರ್ಚು ನಡೆದಿದೆ, ಅದರಲ್ಲಿ ಒಂದು ಪಾಲು ನಾಳೆಯ ದುಡಿಮೆಯನ್ನು ಇಂದೇ ಒತ್ತೆಯಿಟ್ಟು ನಡೆದಿದೆ ಎಂದು ಇದರ ಅರ್ಥ.

ವಸೂಲಿಯ ಕಿರುಕುಳದಿಂದ ಜನ ಮನೆ ಬಿಟ್ಟು ಹೋದ, ಪ್ರಾಣ ಕಳೆದುಕೊಂಡ ಸುದ್ದಿಗಳು ಹೆಚ್ಚಿದಾಗ 2025ರ ಫೆಬ್ರವರಿ 12ರಂದು ಕರ್ನಾಟಕ ಸರಕಾರ ಸುಗ್ರೀವಾಜ್ಞೆ ತಂದಿತು. ನೋಂದಣಿಯಿಲ್ಲದೆ ಸಾಲ ಕೊಟ್ಟು ಪೀಡಿಸುವವರಿಗೆ 10 ವರ್ಷದವರೆಗೆ ಸೆರೆ, 5 ಲಕ್ಷ ರೂಪಾಯಿವರೆಗೆ ದಂಡ ಎಂದು ಅದು ಹೇಳಿತು. 1928ರಿಂದ ಬಂದ ಕಾಯಿದೆಗಳ ಸಾಲಿಗೆ ಇದೂ ಒಂದು ಸೇರಿತು. ಬಾಗಿಲ ಮುಂದೆ ನಿಂತು ಬಯ್ಯುವವನಿಂದ ಕಾನೂನು ಕಾಪಾಡಲಿ, ಅದು ಬೇಕೇ ಬೇಕು. ಆದರೆ 1930ರ ದಶಕ ಈ ಸೀಮೆಗೆ ಕಲಿಸಿದ ಪಾಠ ಅಷ್ಟಕ್ಕೇ ನಿಲ್ಲುವುದಿಲ್ಲ. ಬೆಲೆ ಬಿದ್ದ ವರ್ಷ ಸಾಲಕ್ಕೆ ಗಡುವು ಸಿಗಬೇಕು, ಅದರ ಜೊತೆಗೆ ದುಡಿಮೆಗೆ ದಾರಿಯೂ ಸಿಗಬೇಕು, ಆ ದಾರಿ ನಾಲೆಯ ಬಯಲಿಗೆ ಮಾತ್ರ ಬಂದರೆ ಸಾಲದು. ಅಂದು ನೀರು ಬಂದ ಊರು ಎದ್ದಿತು, ಬಾರದ ಊರು ಮಕ್ಕಳನ್ನು ಹೊರಗೆ ಕಳಿಸಿತು. ಇಂದು ಪಹಣಿ ಇದ್ದವನಿಗೆ ಒಂದು ಬಡ್ಡಿ, ಇಲ್ಲದವನಿಗೆ ಇನ್ನೊಂದು ಬಡ್ಡಿ.

ಇತ್ತೀಚೆಗೆ ಪಟ್ಟಣದಲ್ಲಿ ಹಿರಿಯ ಪಾತ್ರೆ ವ್ಯಾಪಾರಿಯೊಬ್ಬರನ್ನು ಮಾತನಾಡಿಸಿದೆ. "ವ್ಯಾಪಾರ ಹೇಗಿದೆ ಚಾಚಾ?" ಎಂದಾಗ ಅವರು ಅಂಗಡಿಯ ಮೂಲೆಯಲ್ಲಿ ಕಟ್ಟಿಟ್ಟಿದ್ದ ಹಳೆ ತಾಮ್ರದ ಹಂಡೆಗಳನ್ನು ತೋರಿಸಿದರು. "ಮೊದಲು ಮದುವೆ ತಿಂಗಳಲ್ಲಿ ಜನ ನನ್ನ ಹತ್ರ ಕೊಳ್ಳೋಕೆ ಬರ್ತಿದ್ರು. ಈಗ ಮಾರೋಕೆ ಬರ್ತಾರೆ" ಎಂದರು. ಹಂಡೆಯೊಂದರ ಕಂಠದ ಮೇಲೆ ಯಾವುದೋ ತಾಯಿ ಮಗಳಿಗೆ ಕೊಟ್ಟಾಗ ಕೊರೆಸಿದ ಹೆಸರು ಇನ್ನೂ ಅಳಿಸಿರಲಿಲ್ಲ.